ಕರಗುವಿಕೆ ಮತ್ತು ಆವಿಯಾಗುವಿಕೆಯೊಡನೆ ದ್ರವಪ್ರವಾಹದ ಸಂಖ್ಯಾತ್ಮಕ ಅನುಕರಣೆ

ಘನವಸ್ತು ಕರಗಿ ಹರಿಯುವಾಗ, ಹರಿಯುತ್ತಿರುವ ದ್ರವವೇ ಕುದಿದು ಆವಿಯಾಗುವಾಗ ನಡೆಯುವುದನ್ನು ಸಮೀಕರಣಗಳಲ್ಲಿ ಬರೆದು ಕಂಪ್ಯೂಟರಿನಿಂದ ಬಿಡಿಸುವ ಶಾಸ್ತ್ರ. ಯಂತ್ರಶಾಸ್ತ್ರ, ಲೋಹಶಾಸ್ತ್ರ ಮತ್ತು ಅನ್ವಯಿಕ ಗಣಿತ ಇಲ್ಲಿ ಒಂದೆಡೆ ಕೂಡುತ್ತವೆ. ಲೋಹದ ಬೆಸುಗೆ, ಎರಕ, ಲೇಸರ್ ಕೊರೆತ, ಲೋಹದ ಪುಡಿಯಿಂದ ಯಂತ್ರಭಾಗಗಳನ್ನು ಕಟ್ಟುವ ತ್ರೀ-ಡಿ ಮುದ್ರಣ, ಬಾಯ್ಲರ್ ಕೊಳವೆಯೊಳಗಿನ ಕುದಿತ, ಪರಮಾಣು ರಿಯಾಕ್ಟರಿನ ಇಂಧನ ಕರಗಿ ಕೆಳಗಿಳಿಯುವ ಅವಘಡ, ವಾತಾವರಣಕ್ಕೆ ಮರಳುವ ಗಗನನೌಕೆಯ ಉಷ್ಣಕವಚ ಇವೆಲ್ಲ ಇದರ ವ್ಯಾಪ್ತಿಯಲ್ಲಿವೆ.

ಬರೀ ಹರಿವಿನ ಲೆಕ್ಕಕ್ಕೆ ದ್ರವ್ಯರಾಶಿ, ಸಂವೇಗ, ಶಕ್ತಿ ಇವುಗಳ ಸಂರಕ್ಷಣೆಯನ್ನು ಹೇಳುವ ಸಮೀಕರಣಗಳು ಸಾಕು. ವಸ್ತು ಸ್ಥಿತಿ ಬದಲಿಸುವಲ್ಲಿ ಹೊಸ ತೊಡಕು ಸೇರುತ್ತದೆ. ಘನ ಎಲ್ಲಿ ಮುಗಿಯಿತು, ದ್ರವ ಎಲ್ಲಿ ಶುರುವಾಯಿತು, ಆವಿ ಎಲ್ಲಿಂದ ಹೊರಟಿತು ಎಂಬ ಗಡಿಗಳು ಮೊದಲೇ ಗೊತ್ತಿರುವುದಿಲ್ಲ. ಗಡಿಯ ಜಾಗ ಹರಿವನ್ನು ನಿರ್ಧರಿಸುತ್ತದೆ, ಹರಿವು ತರುವ ಶಾಖ ಗಡಿಯನ್ನು ಸರಿಸುತ್ತದೆ. ಹಾಗಾಗಿ ಗಡಿಯೂ ಉತ್ತರದ ಒಂದು ಭಾಗ. ಈ ಕ್ಷೇತ್ರದ ವಿಧಾನಗಳು ಒಂದರಿಂದೊಂದು ಬೇರೆಯಾಗುವುದು ಮುಖ್ಯವಾಗಿ ಆ ತೆಳು ಗಡಿಯನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಅವುಗಳ ಸರಿತಪ್ಪು ತೀರ್ಮಾನವಾಗುವುದೂ ಅಲ್ಲೇ.

ಶಾಖದ ಲೆಕ್ಕ

ಉಷ್ಣತೆ ಏರಿಸದೆ ವಸ್ತುವಿನ ಸ್ಥಿತಿಯನ್ನಷ್ಟೇ ಬದಲಿಸುವ ಶಾಖವನ್ನು, ಅಂದರೆ ಗುಪ್ತೋಷ್ಣವನ್ನು, ಗುರುತಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1760ರ ಆಸುಪಾಸಿನಲ್ಲಿ. ಒಂದು ಕಿಲೋ ಮಂಜುಗಡ್ಡೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಸುಮಾರು 334 ಕಿಲೋಜೂಲ್ ಶಾಖ ಬೇಕು. ಆ ನೀರನ್ನು ನೂರು ಡಿಗ್ರಿಗೆ ಕಾಯಿಸಲು ಸುಮಾರು 420 ಕಿಲೋಜೂಲ್, ಅದೇ ನೂರು ಡಿಗ್ರಿಯಲ್ಲಿ ಪೂರ್ತಿ ಆವಿ ಮಾಡಲು 2257 ಕಿಲೋಜೂಲ್. ಲೋಹಗಳಲ್ಲಿ ಕರಗುವ ಶಾಖಕ್ಕೂ ಆವಿಯಾಗುವ ಶಾಖಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಕಬ್ಬಿಣ 1538 ಡಿಗ್ರಿಯಲ್ಲಿ ಕರಗಲು ಕಿಲೋಗೆ ಸುಮಾರು 250 ಕಿಲೋಜೂಲ್ ಸಾಕು; 2860 ಡಿಗ್ರಿಯ ಹತ್ತಿರ ಆವಿಯಾಗಲು 6000ಕ್ಕೂ ಹೆಚ್ಚು ಬೇಕು. ಅಂದರೆ ಒಂದು ಗ್ರಾಂ ಕಬ್ಬಿಣ ಆವಿಯಾಗಿ ಹೋದಾಗ, ಕರಗುವ ಉಷ್ಣತೆಗೆ ಬಂದು ನಿಂತ ಸುಮಾರು 24 ಗ್ರಾಂ ಕಬ್ಬಿಣವನ್ನು ಕರಗಿಸಬಲ್ಲಷ್ಟು ಶಾಖ ಅದರ ಜೊತೆ ಹೋಗುತ್ತದೆ. ಆವಿಯಾದ ವಸ್ತುವಿನ ತೂಕ ತೀರ ಕಡಿಮೆಯಿದ್ದರೂ ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಬಿಟ್ಟರೆ ಉಷ್ಣತೆ ಕುದಿಬಿಂದುವನ್ನು ದಾಟಿ ಸಾವಿರಾರು ಡಿಗ್ರಿ ಏರಿ ಕೂರುತ್ತದೆ.

ಸರಿಯುವ ಗಡಿಯ ಗಣಿತ ಕಂಪ್ಯೂಟರಿಗಿಂತ ಹಳೆಯದು. ಗೇಬ್ರಿಯಲ್ ಲಾಮೆ ಮತ್ತು ಎಮಿಲ್ ಕ್ಲಾಪೆರೋನ್ 1831ರಲ್ಲಿ, ತಣಿಯುತ್ತಿರುವ ಭೂಗೋಳದ ಮೇಲೆ ಗಟ್ಟಿ ಪದರ ಕಟ್ಟುವುದನ್ನು ಕುರಿತು ಬರೆದರು. ಫ್ರಾಂಟ್ಸ್ ನಾಯ್ಮನ್ ತನ್ನ ಉಪನ್ಯಾಸಗಳಲ್ಲಿ ಸಮಸ್ಯೆಯ ಪೂರ್ಣ ಉತ್ತರ ಕೊಟ್ಟ. ವಿಯೆನ್ನಾದ ಜೋಸೆಫ್ ಸ್ಟೆಫಾನ್ 1889ರಿಂದ 1891ರ ನಡುವೆ ಧ್ರುವಸಮುದ್ರದಲ್ಲಿ ಮಂಜು ದಪ್ಪವಾಗುವ ಬಗೆಯನ್ನು ವಿವರಿಸಿದ ಮೇಲೆ ಈ ಬಗೆಯ ಪ್ರಶ್ನೆಗಳಿಗೆಲ್ಲ ಸ್ಟೆಫಾನ್ ಸಮಸ್ಯೆ ಎಂಬ ಹೆಸರು ನಿಂತಿತು. ಸೊನ್ನೆ ಡಿಗ್ರಿಯ ಮಂಜಿನ ಒಂದು ಬದಿಗೆ 20 ಡಿಗ್ರಿಯ ಗೋಡೆಯಿದೆ, ಕರಗಿದ ನೀರು ಅಲುಗಾಡುವುದಿಲ್ಲ ಎಂದಿಟ್ಟುಕೊಂಡರೆ ನಾಯ್ಮನ್ ಕೊಟ್ಟ ಉತ್ತರದ ಪ್ರಕಾರ ಒಂದು ಗಂಟೆಯಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಮಂಜು ಕರಗುತ್ತದೆ. ಮೂರು ಸೆಂಟಿಮೀಟರ್ ಕರಗಲು ಎರಡಲ್ಲ, ನಾಲ್ಕು ಗಂಟೆ ಹಿಡಿಯುತ್ತದೆ, ಏಕೆಂದರೆ ಗಡಿ ಸರಿದ ದೂರ ಕಾಲದ ವರ್ಗಮೂಲದ ಪ್ರಮಾಣದಲ್ಲಿ ಬೆಳೆಯುತ್ತದೆ. ಹೊಸದಾಗಿ ಬರೆದ ಯಾವುದೇ ಪ್ರೋಗ್ರಾಂ ಮೊದಲು ಈ ಉತ್ತರವನ್ನು ಕೊಡಲೇಬೇಕು. ಕೊಡದ ಪ್ರೋಗ್ರಾಮಿನ ಬಣ್ಣಬಣ್ಣದ ಚಿತ್ರಗಳನ್ನು ನಂಬಬಾರದು.

ಕರಗುವಿಕೆ: ಎಂಥಾಲ್ಪಿಯ ದಾರಿ

ನಿಜವಾದ ನೀರು ಅಲುಗಾಡದೆ ನಿಲ್ಲುವುದಿಲ್ಲ. ಬಿಸಿ ದ್ರವ ಮೇಲೇರುತ್ತದೆ, ತಣ್ಣನೆಯದು ಇಳಿಯುತ್ತದೆ, ಗಡಿ ಅಂಕುಡೊಂಕಾಗುತ್ತದೆ. ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಕೋಶಗಳ ಜಾಲರಿಯಾಗಿ ಒಡೆಯಲಾಗುತ್ತದೆ; ಮೊದಮೊದಲು ಸಂಶೋಧಕರು ಗಡಿಯ ಜೊತೆ ಈ ಜಾಲರಿಯನ್ನೂ ಸರಿಸಿಕೊಂಡು ಹೋಗುತ್ತಿದ್ದರು. ಗಡಿ ಒಡೆದು ಎರಡಾದರೆ, ಎರಡು ಗಡಿಗಳು ಬಂದು ಕೂಡಿದರೆ ಆ ದಾರಿ ಅಲ್ಲಿಗೇ ಕೊನೆ. ಹೀಗಾಗಿ ಜಾಲರಿಯನ್ನು ಕದಲಿಸದೆ, ಪ್ರತಿ ಕೋಶದಲ್ಲಿರುವ ಒಟ್ಟು ಶಾಖವನ್ನೇ ಮುಖ್ಯ ಅಜ್ಞಾತವಾಗಿ ಹಿಡಿಯುವ ಎಂಥಾಲ್ಪಿ ವಿಧಾನ ಬೇರೂರಿತು. ಕೋಶದ ಶಾಖ ಕರಗುವ ಮಟ್ಟಕ್ಕಿಂತ ಕೆಳಗಿದ್ದರೆ ಅದು ಘನ. ಗುಪ್ತೋಷ್ಣ ಪೂರ್ತಿ ತುಂಬಿದ್ದರೆ ದ್ರವ. ನಡುವೆ ಇದ್ದರೆ ಸೊನ್ನೆಗೂ ಒಂದಕ್ಕೂ ಮಧ್ಯದ ದ್ರವಾಂಶ. ಉಷ್ಣತೆಯನ್ನು ಆಮೇಲೆ ಇದರಿಂದ ಕಂಡುಕೊಳ್ಳುವುದು. ಗಡಿಯನ್ನು ಬೇರೆಯಾಗಿ ಹಿಂಬಾಲಿಸುವ ಗೋಜೇ ಇಲ್ಲ.

ಉಳಿಯುವ ಪ್ರಶ್ನೆ, ಘನಭಾಗದಲ್ಲಿ ವೇಗವನ್ನು ಸೊನ್ನೆಗೆ ತರುವುದು ಹೇಗೆ ಎಂಬುದು. ವಾನ್ ವಾಲರ್ ಮತ್ತು ಸಿ. ಪ್ರಕಾಶ್ 1987ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅರೆಗರಗಿದ ಕೋಶವನ್ನು ರಂಧ್ರಮಯ ವಸ್ತುವೆಂದು ಭಾವಿಸಿ, ದ್ರವಾಂಶ ಕಡಿಮೆಯಾದಂತೆಲ್ಲ ಹರಿವಿಗೆ ತಡೆ ವಿಪರೀತ ಹೆಚ್ಚುವ ಒಂದು ಪದವನ್ನು ಸಂವೇಗದ ಸಮೀಕರಣಕ್ಕೆ ಸೇರಿಸಲಾಗುತ್ತದೆ. ತಡೆಯ ರೂಪ ಮಣ್ಣಿನಲ್ಲಿ ನೀರಿಳಿಯುವುದನ್ನು ವಿವರಿಸುವ ಕೋಝೆನಿ-ಕಾರ್ಮನ್ ಸೂತ್ರದಿಂದ ಬಂದದ್ದು. ಅದರ ಮುಂದಿರುವ ಸ್ಥಿರಾಂಕವನ್ನು ಬಳಕೆದಾರನೇ ಆರಿಸಬೇಕು, ಮತ್ತು ಪ್ರಬಂಧಗಳಲ್ಲಿ ಅದು ಒಂದು ಲಕ್ಷದಿಂದ ಹತ್ತು ಕೋಟಿಯವರೆಗೂ ಕಾಣಿಸುತ್ತದೆ. ಮಿಶ್ರಲೋಹದಲ್ಲಿ ಈ ಸ್ಥಿರಾಂಕಕ್ಕೆ ನಿಜವಾದ ಭೌತಿಕ ಅರ್ಥವಿದೆ, ಕೊಂಬೆಗೊಂಬೆಯಾಗಿ ಬೆಳೆಯುವ ಹರಳುಗಳ ನಡುವಣ ಅಂತರವನ್ನು ಅದು ಪ್ರತಿನಿಧಿಸುತ್ತದೆ. ಶುದ್ಧಲೋಹದಲ್ಲಿ ಅಂಥ ಅರೆಗರಗಿದ ವಲಯವೇ ಇಲ್ಲ. ಅಲ್ಲಿ ಈ ಅಂಕಿ ಉತ್ತರವನ್ನು ಬದಲಿಸುತ್ತಿದ್ದರೆ ಜಾಲರಿ ಇನ್ನೂ ಒರಟಾಗಿದೆ ಎಂದರ್ಥ. ಪ್ರಯೋಗಕ್ಕೆ ಹೊಂದುವವರೆಗೂ ಅದನ್ನು ತಿರುಗಿಸುತ್ತ ಹೋಗಿ ಮಾದರಿ ಸಾಬೀತಾಯಿತೆಂದು ಬರೆಯುವ ಅಭ್ಯಾಸ ಈ ಕ್ಷೇತ್ರಕ್ಕೆ ಬಹಳ ಹಾನಿ ಮಾಡಿದೆ.

ಮಿಶ್ರಲೋಹಗಳಲ್ಲಿ ಉಷ್ಣತೆಗೂ ದ್ರವಾಂಶಕ್ಕೂ ಇರುವ ಸಂಬಂಧ ಸರಳವಲ್ಲದ್ದರಿಂದ ಗುಪ್ತೋಷ್ಣವನ್ನು ಪ್ರತಿ ಸುತ್ತಿನಲ್ಲೂ ಪರಿಷ್ಕರಿಸುವ ರೀತಿಯೇ ಒಂದು ಸಂಶೋಧನಾ ವಿಷಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ದತ್ತಾ ಅವರ ಗುಂಪು ಘನೀಕರಣ ಮತ್ತು ಬೆಸುಗೆಯ ಅನುಕರಣೆಯಲ್ಲಿ ದೀರ್ಘಕಾಲ ದುಡಿದಿದೆ. ಸುಮನ್ ಚಕ್ರವರ್ತಿ ಮತ್ತು ದತ್ತಾ 2001ರಲ್ಲಿ ಈ ಪರಿಷ್ಕರಣೆಗೆ ಕೊಟ್ಟ ಸಾಮಾನ್ಯ ರೂಪ ಅಲ್ಲಿಂದ ಬಂದ ಕೊಡುಗೆಗಳಲ್ಲೊಂದು. ಒತ್ತಡ ಮತ್ತು ವೇಗವನ್ನು ಹೊಂದಿಸುವ ಒಳಗಿನ ಯಂತ್ರಕ್ಕೂ ಭಾರತದ ನಂಟಿದೆ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸುಹಾಸ್ ಪಾಟಣಕರ್, ಲಂಡನ್ನಿನಲ್ಲಿ ಬ್ರಯಾನ್ ಸ್ಪಾಲ್ಡಿಂಗ್ ಜೊತೆ 1972ರಲ್ಲಿ ಪ್ರಕಟಿಸಿದ ಸಿಂಪಲ್ ಎಂಬ ಕ್ರಮವಿಧಿ, ಅದರ ತಿದ್ದಿದ ರೂಪಗಳೊಂದಿಗೆ, ಹಲವು ವಾಣಿಜ್ಯ ತಂತ್ರಾಂಶಗಳಲ್ಲಿ ಈಗಲೂ ಇದೆ.

ಗ್ಯಾಲಿಯಂ ವಿವಾದ

ಈ ಕ್ಷೇತ್ರವನ್ನು ಅರಿಯಲು ಗ್ಯಾಲಿಯಂ ಲೋಹದ ಒಂದು ಪುಟ್ಟ ಪೆಟ್ಟಿಗೆಯ ಕಥೆಗಿಂತ ಒಳ್ಳೆಯ ದಾರಿ ಇಲ್ಲ. ಗ್ಯಾಲಿಯಂ 30 ಡಿಗ್ರಿಗೆ ಸ್ವಲ್ಪ ಮೊದಲೇ ಕರಗುತ್ತದೆ, ಹಾಗಾಗಿ ಕುಲುಮೆಯಿಲ್ಲದೆ ಪ್ರಯೋಗ ಮಾಡಬಹುದು. ಸಿ. ಗೌ ಮತ್ತು ರೇಮಂಡ್ ವಿಸ್ಕಾಂಟಾ 1986ರಲ್ಲಿ 8.89 ಸೆಂಟಿಮೀಟರ್ ಅಗಲ, 6.35 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯ ಒಂದು ಗೋಡೆಯನ್ನು 38 ಡಿಗ್ರಿಯಲ್ಲಿಟ್ಟು ಗ್ಯಾಲಿಯಂ ಕರಗಿಸಿದರು. ದ್ರವಲೋಹದೊಳಗೆ ಕಣ್ಣು ಹಾಯುವುದಿಲ್ಲ. ಆದ್ದರಿಂದ ಗೊತ್ತಾದ ಹೊತ್ತಿಗೆ ಕರಗಿದ್ದನ್ನೆಲ್ಲ ಸುರಿದು, ಉಳಿದ ಗಟ್ಟಿಯ ಆಕಾರವನ್ನು ಅಳೆದರು.

ಎರಡು ವರ್ಷದ ನಂತರ ಬ್ರೆಂಟ್, ವಾಲರ್ ಮತ್ತು ರೀಡ್ 42 ಅಡ್ಡ, 32 ಉದ್ದದ ಕೋಶಗಳ ಜಾಲರಿಯಲ್ಲಿ ಅದೇ ಪೆಟ್ಟಿಗೆಯನ್ನು ಎಂಥಾಲ್ಪಿ ವಿಧಾನದಿಂದ ಲೆಕ್ಕಹಾಕಿದರು. ದ್ರವ ಒಂದೇ ದೊಡ್ಡ ಸುಳಿಯಾಗಿ ಸುತ್ತಿತು, ಗಡಿಯ ಆಕಾರ ಪ್ರಯೋಗಕ್ಕೆ ಚೆನ್ನಾಗಿ ಹೊಂದಿತು. ಎಲ್ಲರಿಗೂ ಸಮಾಧಾನವಾಯಿತು, ಪೆಟ್ಟಿಗೆ ಪ್ರಮಾಣಿತ ಪರೀಕ್ಷೆಯಾಯಿತು. ಆದರೆ 1989ರಲ್ಲಿ ಜೊನಾಥನ್ ಡಾಂಟ್ಸಿಗ್ ಬೇರೆ ವಿಧಾನದಿಂದ ಲೆಕ್ಕಮಾಡಿದಾಗ ಒಂದರ ಮೇಲೊಂದು ಹಲವು ಸುಳಿಗಳು ಕಂಡವು. 2000ದಲ್ಲಿ ಸ್ಟೆಲ್ಲಾ ಮತ್ತು ಜಾಂಜಿ ಅವರ ಲೆಕ್ಕದಲ್ಲೂ ಹಾಗೇ ಆಯಿತು. ಯಾವುದು ಸರಿ? 2003ರಲ್ಲಿ ಹನೂನ್, ಅಲೆಕ್ಸಿಯಾಡಿಸ್ ಮತ್ತು ಮಾಯ್ ಜಾಲರಿಯನ್ನು ಹಂತಹಂತವಾಗಿ ನವುರುಗೊಳಿಸುತ್ತ ಹೋಗಿ ಇದಕ್ಕೆ ಉತ್ತರ ಕೊಟ್ಟರು. ಎರಡು ಆಯಾಮದ ಆ ಸಮೀಕರಣಗಳ ನಿಜವಾದ ಉತ್ತರ ಹಲವು ಸುಳಿಗಳೇ. ಒರಟು ಜಾಲರಿ ಮತ್ತು ಕಡಿಮೆ ನಿಖರತೆಯ ಲೆಕ್ಕಕ್ರಮ ಅವನ್ನು ಅಳಿಸಿಹಾಕಿ ಒಂದೇ ಸುಳಿಯನ್ನು ತೋರಿಸುತ್ತಿದ್ದವು.

ಹಾಗಾದರೆ ತಪ್ಪು ಉತ್ತರ ಪ್ರಯೋಗಕ್ಕೆ ಹೊಂದಿದ್ದು ಹೇಗೆ? ನಿಜವಾದ ಪೆಟ್ಟಿಗೆಗೆ ಮೂರು ಆಯಾಮ. ಮುಂದಿನ ಮತ್ತು ಹಿಂದಿನ ಗೋಡೆಗಳು ಹರಿವನ್ನು ಹಿಡಿದೆಳೆದು ಸುಳಿಗಳನ್ನು ತಣಿಸುತ್ತವೆ. ಎಕ್ಸ್-ರೇ ಹಾಯಿಸಿ ಗಡಿಯನ್ನು ನೇರವಾಗಿ ನೋಡುವ ಕೆಲಸ 1994ರಲ್ಲಿ ಆಯಿತು. ಮುಂದೆ ಅಲ್ಟ್ರಾಸೌಂಡ್ ಡಾಪ್ಲರ್‌ನಿಂದ ದ್ರವಲೋಹದ ವೇಗವನ್ನೇ ಅಳೆದು ಮೂರು ಆಯಾಮದ ಲೆಕ್ಕದೊಂದಿಗೆ ಹೋಲಿಸಲಾಯಿತು. ಗೋಡೆಗಳ ಎಳೆತ ಮಾಡುತ್ತಿದ್ದ ಕೆಲಸವನ್ನು ಹಳೆಯ ಲೆಕ್ಕದಲ್ಲಿ ಜಾಲರಿಯ ಒರಟುತನ ಮಾಡಿತ್ತು. ಎರಡು ದೋಷಗಳು ಒಂದನ್ನೊಂದು ಮುಚ್ಚಿಕೊಂಡು ಸರಿಯುತ್ತರದಂತೆ ಕಾಣಬಲ್ಲವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಈಗಲೂ ಹೊಸ ಪ್ರೋಗ್ರಾಮುಗಳು ಒಂದು ಸುಳಿಯ ಹಳೆಯ ಚಿತ್ರದೊಂದಿಗೆ ಹೋಲಿಸಿಕೊಂಡು ತೃಪ್ತಿಪಡುವುದನ್ನು ಕಂಡರೆ ಬೇಸರವಾಗುತ್ತದೆ.

ಆವಿಯ ಗಡಿ

ಕರಗುವಾಗ ಸಾಂದ್ರತೆ ಕೆಲವೇ ಶೇಕಡದಷ್ಟು ಬದಲಾಗುತ್ತದೆ. ಆವಿಯಾಗುವಾಗಿನ ಬದಲಾವಣೆ ಬೇರೆಯೇ ಅಳತೆಯದು. ಸಾಮಾನ್ಯ ಒತ್ತಡದಲ್ಲಿ ಕುದಿಯುವ ನೀರು ಆವಿಯಾದರೆ ಸುಮಾರು 1600 ಪಟ್ಟು ಹಿಗ್ಗುತ್ತದೆ. ಗಡಿಯ ಒಂದು ಬದಿಯಲ್ಲಿ ದ್ರವ ನಿಧಾನವಾಗಿ ಹತ್ತಿರ ಬರುತ್ತಿದ್ದರೆ ಇನ್ನೊಂದು ಬದಿಯಲ್ಲಿ ಆವಿ ಅದರ ಸಾವಿರ ಪಟ್ಟು ವೇಗದಲ್ಲಿ ಹೊರಡುತ್ತದೆ. ಜಾಲರಿಯ ಒಂದೇ ಕೋಶದೊಳಗೆ ವೇಗ, ಸಾಂದ್ರತೆ, ಒತ್ತಡ ಮೂರೂ ಜಿಗಿಯುತ್ತವೆ.

ಇಲ್ಲಿ ಗಡಿಯನ್ನು ಗುರುತಿಸಲು ಹಲವು ದಾರಿಗಳಿವೆ. ಲಾಸ್ ಅಲಾಮೋಸ್‌ನ ಹರ್ಟ್ ಮತ್ತು ನಿಕೋಲ್ಸ್ 1981ರಲ್ಲಿ ಪ್ರಕಟಿಸಿದ ವಿಧಾನ ಪ್ರತಿ ಕೋಶದಲ್ಲಿ ಎಷ್ಟು ಪಾಲು ದ್ರವವಿದೆ ಎಂಬುದನ್ನು ಒಯ್ಯುತ್ತದೆ. ದ್ರವ್ಯರಾಶಿ ಸೋರುವುದಿಲ್ಲ, ಗಡಿಯ ವಕ್ರತೆ ಮಾತ್ರ ನಿಖರವಾಗಿ ಸಿಗುವುದಿಲ್ಲ. ಓಷರ್ ಮತ್ತು ಸೇಥಿಯನ್ 1988ರಲ್ಲಿ ತಂದ, ಗಡಿಯನ್ನು ಒಂದು ನಯವಾದ ಫಲನದ ಸೊನ್ನೆಯ ರೇಖೆಯೆಂದು ಹಿಡಿಯುವ ಲೆವೆಲ್ ಸೆಟ್ ವಿಧಾನದಲ್ಲಿ ವಕ್ರತೆ ಚೆನ್ನಾಗಿ ಸಿಗುತ್ತದೆ, ದ್ರವ್ಯರಾಶಿ ಸೋರುತ್ತದೆ. ಹೀಗಾಗಿ ಎರಡನ್ನೂ ಬೆರೆಸಿದ ರೂಪಗಳೂ ಬಂದಿವೆ. ಟ್ರಿಗ್ವಾಸನ್ ಮತ್ತು ಸಂಗಡಿಗರು ಗಡಿಯ ಮೇಲೆ ಬಿಂದುಗಳನ್ನು ನೆಟ್ಟು ಅವನ್ನೇ ಸಾಗಿಸುವ ವಿಧಾನದಿಂದ 1998ರಲ್ಲಿ ಕುದಿಯುವ ಹರಿವನ್ನು ಲೆಕ್ಕಹಾಕಿದರು. ಅದೇ ವರ್ಷ ಸನ್ ಮತ್ತು ವಿಜಯ್ ಧೀರ್, ಬಿಸಿ ಮೇಲ್ಮೈಯನ್ನು ಆವಿಯ ಪೊರೆ ಮುಚ್ಚಿಕೊಳ್ಳುವ ಪೊರೆಕುದಿತದ ಅನುಕರಣೆಯನ್ನು ಲೆವೆಲ್ ಸೆಟ್ ಮೂಲಕ ಮಾಡಿದರು.

ಎಷ್ಟು ದ್ರವ ಆವಿಯಾಗುತ್ತದೆ ಎಂಬುದನ್ನು ಹೇಳುವ ನಿಯಮ ಇನ್ನೂ ಮುಖ್ಯ. ಗಡಿಗೆ ಎರಡೂ ಬದಿಯಿಂದ ಬಂದು ಸೇರುವ ಶಾಖವನ್ನು ಗುಪ್ತೋಷ್ಣದಿಂದ ಭಾಗಿಸುವುದು ಪ್ರಾಮಾಣಿಕ ದಾರಿ, ಅದಕ್ಕೆ ಗಡಿಯ ಬಳಿ ಬಹಳ ನವುರಾದ ಜಾಲರಿ ಬೇಕು. ಹರ್ಟ್ಸ್ ಮತ್ತು ಕ್ನುಡ್ಸೆನ್ ಅವರಿಂದ ಬಂದ, ಅಣುಗಳ ಚಲನೆಯ ಮೇಲೆ ನಿಂತ ಸೂತ್ರ ಎರಡನೆಯದು. ಲೀ ಅವರ ಮಾದರಿ ಮೂರನೆಯದು: ಕೋಶದ ಉಷ್ಣತೆ ಕುದಿಬಿಂದುವನ್ನು ಎಷ್ಟು ದಾಟಿದೆಯೋ ಅದಕ್ಕೆ ಒಂದು ಗುಣಕವನ್ನು ಗುಣಿಸಿದರೆ ಆವಿಯ ಪ್ರಮಾಣ ಬಂತು. ಬಳಸಲು ಸುಲಭ, ಹಲವು ತಂತ್ರಾಂಶಗಳಲ್ಲಿ ಇದೆ. ಆದರೆ ಆ ಗುಣಕ ಒಂದಕ್ಕಿಂತ ಕಡಿಮೆಯಿಂದ ಹಿಡಿದು ಲಕ್ಷಗಳವರೆಗೆ ಪ್ರಬಂಧದಿಂದ ಪ್ರಬಂಧಕ್ಕೆ ಬದಲಾಗುತ್ತದೆ. ಇಷ್ಟು ಹಿಗ್ಗಿ ಕುಗ್ಗುವ ಅಂಕಿಯನ್ನು ವಸ್ತುವಿನ ಗುಣವೆಂದು ಕರೆಯಲಾಗದು. ಅತಿಯಾಗಿ ಕಾದ ದ್ರವದಲ್ಲಿ ಬೆಳೆಯುವ ಗುಳ್ಳೆಗೆ ಸ್ಕ್ರಿವೆನ್ 1959ರಲ್ಲಿ ಕೊಟ್ಟ ಉತ್ತರದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಇಂಥ ಮಾದರಿಯನ್ನು ಮುಂದಕ್ಕೆ ಒಯ್ಯಬೇಕು.

ಮೇಲ್ಮೈ ಎಳೆತದಿಂದ ಇನ್ನೊಂದು ತೊಂದರೆ ಬರುತ್ತದೆ. ಬ್ರಾಕ್‌ಬಿಲ್, ಕೋಥೆ ಮತ್ತು ಜೆಮಾಕ್ 1992ರಲ್ಲಿ ಆ ಬಲವನ್ನು ಗಡಿಯ ಸುತ್ತಲಿನ ಕೆಲವು ಕೋಶಗಳಿಗೆ ಹಂಚುವ ಉಪಾಯ ಕೊಟ್ಟರು. ಹಂಚಿಕೆಯಲ್ಲಿ ಚೂರು ಏರುಪೇರಾದರೂ ಸುಮ್ಮನೆ ನಿಂತಿರಬೇಕಾದ ಹನಿಯ ಸುತ್ತ ಇಲ್ಲದ ಸುಳಿಗಳು ಏಳುತ್ತವೆ. ಅವು ಗಡಿಗೆ ಸುಳ್ಳು ಶಾಖವನ್ನು ತಂದು ಸುಳ್ಳು ಆವಿಯನ್ನು ಹುಟ್ಟಿಸುತ್ತವೆ.

ಲೇಸರ್ ಹೊಡೆದ ಲೋಹದಲ್ಲಿ

ಕರಗುವಿಕೆ, ಹರಿವು, ಆವಿ ಮೂರೂ ಒಂದೇ ಕಡೆ, ಒಂದೇ ಕ್ಷಣದಲ್ಲಿ ಸೇರುವುದು ಲೇಸರ್ ಬೆಸುಗೆ ಮತ್ತು ಲೋಹದ ಪುಡಿಯ ಮುದ್ರಣದಲ್ಲಿ. ಲೇಸರ್ ಚುಕ್ಕೆಯ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು, ಅದು ಓಡುವ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು.

ಕರಗಿದ ಕೊಳದ ಆಕಾರವನ್ನು ಮೊದಲು ನಿರ್ಧರಿಸುವುದು ಮೇಲ್ಮೈ ಎಳೆತದ ಏರುಪೇರು. ಶುದ್ಧ ಲೋಹದಲ್ಲಿ ಬಿಸಿಯಾದಷ್ಟೂ ಎಳೆತ ಕಡಿಮೆ, ಆದ್ದರಿಂದ ದ್ರವ ನಡುವಿನಿಂದ ಅಂಚಿಗೆ ಹರಿದು ಕೊಳ ಅಗಲವಾಗಿ, ಆಳವಿಲ್ಲದೆ ಉಳಿಯುತ್ತದೆ. ಉಕ್ಕಿನಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಹತ್ತು ಪಾಲು ಗಂಧಕ ಹೆಚ್ಚಿದರೂ ಹರಿವು ತಿರುಗಿ, ಬಿಸಿ ದ್ರವ ನಡುವಿನಲ್ಲಿ ಕೆಳಗಿಳಿದು ಕೊಳವನ್ನು ಆಳವಾಗಿಸುತ್ತದೆ. ಒಂದೇ ಯಂತ್ರ, ಒಂದೇ ಸೆಟ್ಟಿಂಗ್ ಇದ್ದರೂ ಉಕ್ಕಿನ ಬೇರೆ ಬ್ಯಾಚಿಗೆ ಬೇರೆ ಆಳದ ಬೆಸುಗೆ ಬರುವುದೇಕೆ ಎಂಬ ಕಾರ್ಖಾನೆಗಳ ಹಳೆಯ ಪ್ರಶ್ನೆಗೆ ಹೈಪಲ್ ಮತ್ತು ರೋಪರ್ 1982ರಲ್ಲಿ ಕೊಟ್ಟ ವಿವರಣೆ ಇದು.

ಶಕ್ತಿ ಇನ್ನೂ ಹೆಚ್ಚಿದರೆ ಆವಿ ಆಟಕ್ಕಿಳಿಯುತ್ತದೆ. ಮೇಲ್ಮೈಯಿಂದ ಚಿಮ್ಮುವ ಆವಿ ದ್ರವವನ್ನು ಹಿಂದಕ್ಕೆ ತಳ್ಳುತ್ತದೆ. ಈ ಹಿಮ್ಮೆಟ್ಟುವ ಒತ್ತಡ, ಆ ಉಷ್ಣತೆಯ ಸಂತೃಪ್ತ ಆವಿಯ ಒತ್ತಡದ ಸುಮಾರು 0.54 ಪಾಲು ಎಂದು ಹೆಚ್ಚಿನ ಮಾದರಿಗಳು ಹಿಡಿಯುತ್ತವೆ. ಕಬ್ಬಿಣದ ಮೇಲ್ಮೈ ಕುದಿಬಿಂದುವಿಗಿಂತ 100 ಡಿಗ್ರಿ ಮೇಲೇರಿದರೆ ಆವಿಯ ಒತ್ತಡ ಒಂದೂವರೆ ಪಟ್ಟಾಗುತ್ತದೆ. 300 ಡಿಗ್ರಿ ಏರಿದರೆ ಮೂರು ಪಟ್ಟು. ಇದಕ್ಕೆದುರಾಗಿ ಗುಂಡಿಯನ್ನು ಮುಚ್ಚಲು ನೋಡುವ ಮೇಲ್ಮೈ ಎಳೆತದ ಒತ್ತಡ, 50 ಮೈಕ್ರಾನ್ ತ್ರಿಜ್ಯದ ಗುಂಡಿಯಲ್ಲಿ, ವಾತಾವರಣದ ಒತ್ತಡದ ಮೂರನೇ ಒಂದರಷ್ಟು ಮಾತ್ರ. ಆದ್ದರಿಂದ ಸ್ವಲ್ಪ ಉಷ್ಣತೆ ಏರಿದ್ದೇ ತಡ, ಲೋಹದಲ್ಲಿ ಆಳವಾದ ಕಿರಿಗುಂಡಿ ಬೀಳುತ್ತದೆ. ಬೆಸುಗೆಯವರು ಇದನ್ನು ಕೀಹೋಲ್ ಎನ್ನುತ್ತಾರೆ. ಗುಂಡಿ ಬಿದ್ದ ಮೇಲೆ ಲೇಸರ್ ಕಿರಣ ಅದರ ಗೋಡೆಗಳ ನಡುವೆ ಪುಟಿದು ಪುಟಿದು ಪ್ರತಿ ಪುಟಿತದಲ್ಲೂ ಶಾಖ ಬಿಡುತ್ತದೆ. ಚಪ್ಪಟೆ ಮೇಲ್ಮೈ ಹೀರುವುದಕ್ಕಿಂತ ಎಷ್ಟೋ ಹೆಚ್ಚು ಬೆಳಕನ್ನು ಗುಂಡಿ ಹೀರುತ್ತದೆ. ಹಾಗಾಗಿ ಒಳ್ಳೆಯ ಅನುಕರಣೆಯಲ್ಲಿ ಕಿರಣಗಳನ್ನೂ ಒಂದೊಂದಾಗಿ ಹಿಂಬಾಲಿಸಬೇಕಾಗುತ್ತದೆ.

ಇದರ ವೆಚ್ಚ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಒಂದು ಮಿಲಿಮೀಟರ್ ಉದ್ದ, ಅಗಲ ಮತ್ತು ಆಳದಲ್ಲಿ 0.3 ಮಿಲಿಮೀಟರ್ ಇರುವ ತುಣುಕನ್ನು 3 ಮೈಕ್ರಾನ್ ಕೋಶಗಳಾಗಿ ಒಡೆದರೆ 33 ಲಕ್ಷ ಕೋಶಗಳು. ಮೇಲ್ಮೈ ಎಳೆತದ ಅಲೆಗಳನ್ನು ಸ್ಥಿರವಾಗಿ ಹಿಡಿಯಬೇಕೆಂದರೆ ಲೆಕ್ಕದಲ್ಲಿ ಕಾಲದ ಒಂದು ಹೆಜ್ಜೆ ಸೆಕೆಂಡಿನ ಕೋಟಿಯಲ್ಲೊಂದು ಪಾಲನ್ನು ಮೀರುವಂತಿಲ್ಲ. ಸೆಕೆಂಡಿಗೆ 500 ಮೀಟರ್ ವೇಗದ ಆವಿಯನ್ನೂ ಲೆಕ್ಕಕ್ಕೆ ತಂದರೆ ಆರು ನ್ಯಾನೋಸೆಕೆಂಡಿಗೆ ಇಳಿಯಬೇಕು. ಲೇಸರ್ ಆ ಒಂದು ಮಿಲಿಮೀಟರ್ ದಾಟುವ ಒಂದು ಮಿಲಿಸೆಕೆಂಡಿಗೆ ಒಂದೂವರೆ ಲಕ್ಷಕ್ಕೂ ಮೀರಿದ ಹೆಜ್ಜೆಗಳಾದವು. ಆವಿಯ ಹರಿವನ್ನು ಬಿಡಿಸದೆ ಅದರ ಒತ್ತಡವನ್ನಷ್ಟೇ ಗಡಿಯ ಮೇಲೆ ಹೇರುವ ಚಾಳಿ ಬೆಳೆದದ್ದು ಈ ಕಾರಣಕ್ಕೇ. ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಸುತ್ತಲಿನ ಪುಡಿಯ ಕಣಗಳನ್ನು ಎಳೆದು ಎಸೆಯುವುದು ಆವಿಯ ಹರಿವೇ ಆದ್ದರಿಂದ ಆ ಭಾಗ ಮಾದರಿಯಿಂದ ಮಾಯವಾಗುತ್ತದೆ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಖೈರಲ್ಲಾ ಮತ್ತು ಸಂಗಡಿಗರು 2016ರಲ್ಲಿ ಪುಡಿಯ ಒಂದೊಂದು ಕಣವನ್ನೂ ಬಿಡಿಯಾಗಿ ಇಟ್ಟುಕೊಂಡು, ಹಿಮ್ಮೆಟ್ಟುವ ಒತ್ತಡವನ್ನೂ ಮೇಲ್ಮೈ ಎಳೆತದ ಹರಿವನ್ನೂ ಸೇರಿಸಿ ಲೆಕ್ಕಹಾಕಿದರು. ರಂಧ್ರ, ಸಿಡಿಹನಿ, ಪುಡಿಯಿಲ್ಲದೆ ಬೋಳಾದ ಅಂಚು ಇವೆಲ್ಲ ಒಂದೇ ಚಿತ್ರದಲ್ಲಿ ಮೂಡಿದವು. ಒಳಗೆ ನಡೆಯುವುದನ್ನು ಆರ್ಗಾನ್ ಪ್ರಯೋಗಾಲಯದ ಅತಿವೇಗದ ಎಕ್ಸ್-ರೇ ಚಿತ್ರಗಳು 2019ರಲ್ಲಿ ಸ್ಪಷ್ಟವಾಗಿ ತೋರಿಸಿದವು. ಆಳವಿಲ್ಲದ ಕೊಳ ಮಾತ್ರ ಇರುತ್ತದೆಂದು ನಂಬಿದ್ದ ಸೆಟ್ಟಿಂಗ್‌ಗಳಲ್ಲೂ ಆವಿಯ ಗುಂಡಿ ಬಿದ್ದಿರುವುದು ಅಲ್ಲಿ ಕಂಡಿತು. ಬರೀ ಶಾಖವಹನದ ಮಾದರಿಯಿಂದ ಕೊಳದ ಆಳವನ್ನು ಹೊಂದಿಸಿ ಸಂತೋಷಪಟ್ಟಿದ್ದ ಎಷ್ಟೋ ಲೆಕ್ಕಗಳಿಗೆ ಆಧಾರವೇ ಕುಸಿಯಿತು. ಮರುವರ್ಷದ ಅಧ್ಯಯನ, ಗುಂಡಿಯ ತುದಿ ಕತ್ತರಿಸಿಹೋಗಿ ಲೋಹದೊಳಗೆ ರಂಧ್ರವಾಗಿ ಉಳಿಯುವುದನ್ನು ತೋರಿಸಿತು.

ಆ ರಂಧ್ರ ಸಣ್ಣ ಸಂಗತಿಯಲ್ಲ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ನನ್ನು ಇಸ್ರೋ ಲೇಸರ್ ಮುದ್ರಣದಿಂದ ಮಾಡಿಸಿ 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡ್ ಉರಿಸಿ ನೋಡಿತು. ಮುದ್ರಿಸಿದ್ದು ಬೆಂಗಳೂರಿನ ವಿಪ್ರೋ ತ್ರೀ-ಡಿ. ಹಿಂದೆ 14 ಭಾಗಗಳನ್ನು 19 ಬೆಸುಗೆಗಳಿಂದ ಜೋಡಿಸುತ್ತಿದ್ದ ಎಂಜಿನ್ ಈಗ ಒಂದೇ ತುಂಡು. ಬೆಸುಗೆಯ ಕೀಲನ್ನು ಹೊರಗಿನಿಂದ ತಪಾಸಣೆ ಮಾಡಬಹುದಿತ್ತು; ಪದರದ ಮೇಲೆ ಪದರವಾಗಿ ಬೆಳೆದ ಲೋಹದ ನಡುವೆ ಹುದುಗಿದ ರಂಧ್ರವನ್ನು ಹುಡುಕುವುದು ಅಷ್ಟು ಸಲೀಸಲ್ಲ. ಅದು ಹುಟ್ಟದಂತೆ ಲೇಸರಿನ ಶಕ್ತಿ ಮತ್ತು ವೇಗವನ್ನು ಮೊದಲೇ ಆರಿಸಬೇಕು. ಅನುಕರಣೆಯಿಂದ ಎಂಜಿನಿಯರುಗಳು ಬಯಸುವುದು ಇದನ್ನೇ.

ಅಂಕಿಗಳ ಕೊರತೆ

ಲ್ಯಾಟಿಸ್ ಬೋಲ್ಟ್ಸ್‌ಮನ್, ಜಾಲರಿಯೇ ಇಲ್ಲದ ಕಣವಿಧಾನ, ಗಡಿಯನ್ನು ಮೆಲ್ಲಗೆ ಬದಲಾಗುವ ಪದರವೆಂದು ಭಾವಿಸುವ ಫೇಸ್ ಫೀಲ್ಡ್ ಮುಂತಾದ ಇತರ ವಿಧಾನಗಳೂ ಬೆಳೆಯುತ್ತಿವೆ. ಮುಕ್ತ ತಂತ್ರಾಂಶವಾದ ಓಪನ್‌ಫೋಮ್ ಬಂದ ಮೇಲೆ ಸಣ್ಣ ಕಾಲೇಜಿನ ವಿದ್ಯಾರ್ಥಿಯೂ ಇಂಥ ಲೆಕ್ಕಕ್ಕೆ ಕೈಹಾಕಬಹುದಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಕೋಶದ ಅಳತೆಯನ್ನು ಅರ್ಧಕ್ಕಿಳಿಸಿದರೆ ಕೋಶಗಳು ಎಂಟು ಪಟ್ಟು, ಮೇಲ್ಮೈ ಎಳೆತದ ಮಿತಿಯಿಂದಾಗಿ ಹೆಜ್ಜೆಗಳು 2.8 ಪಟ್ಟು, ಒಟ್ಟು ಕೆಲಸ 20 ಪಟ್ಟಿಗಿಂತ ಹೆಚ್ಚು. ಹಾಗಾಗಿ ಯಂತ್ರ ಎಷ್ಟು ದೊಡ್ಡದಾದರೂ ಬೇಗ ತುಂಬಿಹೋಗುತ್ತದೆ.

ಯಂತ್ರಕ್ಕಿಂತ ದೊಡ್ಡ ಕೊರತೆ ವಸ್ತುಗಳ ಗುಣಾಂಕಗಳದು. ಕುದಿಬಿಂದುವಿನ ಹತ್ತಿರ ಉಕ್ಕಿನ ಸ್ನಿಗ್ಧತೆ ಎಷ್ಟು, ಮೇಲ್ಮೈ ಎಳೆತ ಎಷ್ಟು, ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಅಂಕಿಗಳನ್ನು ಬಹುತೇಕ ಕೆಳಗಿನ ಉಷ್ಣತೆಯ ಅಳತೆಗಳಿಂದ ಮುಂದಕ್ಕೆಳೆದು ಊಹಿಸಲಾಗುತ್ತದೆ. ಅಷ್ಟು ಬಿಸಿಯ ಲೋಹವನ್ನು ಯಾವ ಪಾತ್ರೆಯಲ್ಲಿಟ್ಟರೂ ಪಾತ್ರೆಯೇ ಅದರಲ್ಲಿ ಕರಗಿ ಬೆರೆಯುತ್ತದೆ. ಆದ್ದರಿಂದ ಹನಿಯನ್ನು ಪಾತ್ರೆಯಿಲ್ಲದೆ, ವಿದ್ಯುತ್ ಅಥವಾ ಕಾಂತಕ್ಷೇತ್ರದಲ್ಲಿ ತೇಲಿಸಿ ಅಳೆಯುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಯೂರೋಪಿನ ವಿದ್ಯುತ್ಕಾಂತೀಯ ತೇಲುಕುಲುಮೆಯೂ ಜಪಾನಿನ ಸ್ಥಾಯಿವಿದ್ಯುತ್ ಕುಲುಮೆಯೂ ಈ ಕೆಲಸಕ್ಕಿವೆ. ಅಲ್ಲಿ ಭಾರವಿಲ್ಲದ್ದರಿಂದ ಕರಗಿದ ಹನಿ ಗುಂಡಗೆ ನಿಲ್ಲುತ್ತದೆ. ಅದನ್ನು ಒಂದು ಸಲ ಅದುಮಿ ಬಿಟ್ಟರೆ ಕಂಪಿಸುವ ವೇಗದಿಂದ ಮೇಲ್ಮೈ ಎಳೆತವೂ, ಕಂಪನ ತಣಿಯುವ ವೇಗದಿಂದ ಸ್ನಿಗ್ಧತೆಯೂ ತಿಳಿಯುತ್ತವೆ.